ಖಾಲಿ ಕುಂಭ

ಮಂತ್ರಿ ಸಾಹೇಬರು ಬಾಗಿನ ಕೊಡಲು ಬರುವ ದಿನ ಬೆಳಿಗ್ಗೆ ಕೆರೆಯ ದಂಡೆಗೆ ಬಂದ ರಾಜೇಶ್ವರಿಗೆ ಮೊದಲು ಖುಷಿಯೇ ಆಯಿತು. ನಿನ್ನೆಯವರೆಗೆ ಅಂಚು ಬಿರುಕು ಬಿಟ್ಟು, ನಡುವೆ ಕೊಚ್ಚೆ ನಾರುತ್ತಿದ್ದ ಕೆರೆಯಲ್ಲಿ ನೀರು ಮಿನುಗುತ್ತಿತ್ತು. ಮರುಕ್ಷಣ ಅನುಮಾನ ಬಂತು. ಮಳೆ ಎಲ್ಲಿ ಬಂದಿತ್ತು? ನೋಡಿದರೆ, ಊರ ಕುಡಿಯುವ ನೀರಿನ ಟಾಕಿಯಿಂದ ದಪ್ಪ ಪೈಪೊಂದು ದಂಡೆ ಇಳಿದು ಕೆರೆಗೆ ಭೋರ್ಗರೆದು ಸುರಿಯುತ್ತಿತ್ತು.

ಕೃಷ್ಣೆಯಿಂದ ಎತ್ತಿ ತಂದ ಆ ನೀರು ಕೆಂಗಟ್ಟಿ ಪಟ್ಟಣದ ಓಣಿ ಓಣಿಗೆ ಪಾಳಿಯ ಮೇಲೆ ಹೋಗಬೇಕು. ಇವತ್ತು ಕೆಳಗಿನ ಓಣಿಯ ಪಾಳಿ. ವಾರವಿಡೀ ಕಾದವರ ನೀರನ್ನು ತಂದು ಕೊಚ್ಚೆಯ ಮೇಲೆ ಹರಡಿದ್ದರು. ಆ ಕೊಚ್ಚೆಯಾದರೂ ಯಾರದು? ಪುರಸಭೆಯ ಉಪಾಧ್ಯಕ್ಷ ಅಮೋಘಸಿದ್ಧನ, ಮದುವೆಗಳು ನಡೆಯುವ ಮಂಗಲ ಕಾರ್ಯಾಲಯದ್ದು. ಅದರ ಗಟಾರ ನೇರ ಕೆರೆಗೇ ಬಾಯಿ ತೆರೆದಿತ್ತು. ಅದನ್ನು ಮುಚ್ಚಿಸಿ ಎಂದು ಅಧ್ಯಕ್ಷೆಯಾದ ದಿನದಿಂದ ರಾಜೇಶ್ವರಿ ಸಭೆ ಸಭೆಯಲ್ಲೂ ಬಾಯಿ ಬಡಿದುಕೊಂಡಿದ್ದಳು. ಸಭೆ ಸಭೆಯಲ್ಲೂ ಸದಸ್ಯರು ಚಹಾ ಕುಡಿದು ಎದ್ದು ಹೋಗಿದ್ದರು.

"ಯಾರು ಬಿಡಂದ್ರು ಈ ನೀರು?" ಎಂದು ರಾಜೇಶ್ವರಿ ಕೇಳಿದಳು.

ಪುರಸಭೆಯ ನೀರು ಬಿಡುವ ನಬಿಲಾಲ, ದಂಡೆಯ ಮೇಲೆ ನಿಂತಿದ್ದ ಅಮೋಘಸಿದ್ಧನ ಕಡೆ ನೋಡಿದ.

"ನಾನಾ ಹೇಳೇನ್ರಿ ವೈನಿ," ಎಂದ ಅಮೋಘಸಿದ್ಧ, ಅತ್ತಿಗೆಯನ್ನು ಮಾತಾಡಿಸುವ ಸಲುಗೆಯಲ್ಲಿ. "ಬಾಗಿನ ತುಂಬಿದ ಕೆರಿಗೆ ಕೊಡೂದು. ಸಾಹೇಬ್ರು ಕೆಸರಿಗೆ ಕೊಡಾಕ ಆಕೈತೇನು? ಒಂದ ದಿನದ ಮಾತು."

"ಕೆಳಗಿನ ಓಣ್ಯಾವ್ರು ಏನ ಕುಡೀಬೇಕು?"

"ಅವ್ರಿಗೆ ರೂಢಿ ಐತಿ ಬಿಡ್ರಿ."

ರೂಢಿಯಂತೆ! ಬಾಯಾರಿಕೆಗೂ ರೂಢಿ ಬೀಳುತ್ತದೆಯೇ? ರಾಜೇಶ್ವರಿ ನಬಿಲಾಲನ ಕಡೆ ತಿರುಗಿದಳು.

"ಬಂದ್ ಮಾಡ ನಬಿಲಾಲಣ್ಣ."

ಈ ಮಾತಿಗೇ ಕಾದಿದ್ದವನಂತೆ ನಬಿಲಾಲ ಓಡಿದ. ಅಷ್ಟರಲ್ಲಿ ಟಾಕಿ ಅರ್ಧ ಬರಿದಾಗಿತ್ತು.

ಸಾಹೇಬರನ್ನು ಎದುರುಗೊಳ್ಳಲು ಕುಂಭ ಹೊತ್ತು ಬಂದವರೂ ಅದೇ ಕೆಳಗಿನ ಓಣಿಯ ಹೆಂಗಸರು. ಮುಂದಿದ್ದ ರುಕ್ಮವ್ವ ತನ್ನ ತಾಮ್ರದ ಕೊಡವನ್ನು ಬಗ್ಗಿಸಿ ತೋರಿಸಿದಳು.

"ಅಕ್ಕಾರ, ಎಲಿ ಐತಿ, ಕಾಯಿ ಐತಿ, ಒಳಗ ಹಾಕಾಕ ಹನಿ ನೀರಿಲ್ರಿ. ಈ ಕೆರ್ಯಾಗಿಂದು ತುಂಬಬೇಕಂದ್ರ ಮೂಗ ಹಿಡಕೋಬೇಕು."

"ಬಾಟ್ಲಿ ನೀರು ತರಸ್ತೇನಿ, ತಡೀರಿ," ಎಂದು ಅಮೋಘಸಿದ್ಧ ಗಡಿಬಿಡಿ ಮಾಡಿದ.

"ಏನೂ ಬ್ಯಾಡ," ಎಂದಳು ರಾಜೇಶ್ವರಿ. "ರುಕ್ಮವ್ವ, ಎಲಿ, ಕಾಯಿ ತಗೀರಿ. ಕೊಡದ ಬಾಯಿ ಕಾಣೂಹಂಗ ಹಿಡಕೊಂಡು ನಿಂದರ್ರಿ."

ಮುದ್ದೇಬಿಹಾಳದ ಕಡೆಯಿಂದ ಧೂಳೆಬ್ಬಿಸುತ್ತ ಗಾಡಿಗಳು ಬಂದವು. ಸಾಹೇಬರು ಒಂದು ಕಾಲು ಕೆಳಗಿಟ್ಟರು, ಖಾಲಿ ಕೊಡಗಳ ಸಾಲನ್ನು ಕಂಡರು, ಬೆಂಕಿ ತುಳಿದವರಂತೆ ಕಾಲನ್ನು ಒಳಗೆ ಎಳೆದುಕೊಂಡರು.

"ಖಾಲಿ ಕೊಡಾ! ಶುಭಕಾರ್ಯಕ್ಕ ಬಂದ್ರ ಎದರಿಗೆ ಖಾಲಿ ಕೊಡಾ ನಿಲ್ಲಸೀರಲ್ರೀ!"

"ಕೊಡದಾಗಿನ ನೀರು ಕೆರ್ಯಾಗ ಐತ್ರಿ ಸಾಹೇಬ್ರ," ಎಂದಳು ರಾಜೇಶ್ವರಿ. "ನಿಮ್ಮ ಬಾಗಿನಕ್ಕಂತ ಬಿಟ್ಟಾರ."

ಕಾರಿನ ಗಾಜು ಮೇಲೇರಿತು. ಗಾಡಿಗಳು ಬಂದ ದಾರಿಗೇ ತಿರುಗಿದವು. ಒಂದು ಓಣಿಯ ಗಂಟಲು ಒಣಗಿದರೆ ಇವರಿಗೆ ಅಪಶಕುನವಲ್ಲ. ಖಾಲಿ ಕೊಡ ಕಣ್ಣಿಗೆ ಬಿದ್ದರೆ ಮಾತ್ರ ಅಪಶಕುನ.

"ಊರ ಮಾನಾ ಹರಾಜ್ ಹಾಕಿದ್ರಿ ವೈನಿ!" ಎಂದು ಅಮೋಘಸಿದ್ಧ ಹಲ್ಲು ಕಡಿದ.

ರಾಜೇಶ್ವರಿ ಟಾಕಿಯಲ್ಲಿ ಉಳಿದ ನೀರನ್ನು ಕೆಳಗಿನ ಓಣಿಗೆ ಬಿಡಲು ನಬಿಲಾಲನಿಗೆ ಹೇಳಿದಳು. ಸೀರೆ, ಬಳೆ, ಅರಿಷಿಣ ಕುಂಕುಮ ತುಂಬಿದ್ದ ಬಾಗಿನದ ಮೊರ ಎತ್ತಿಕೊಂಡು ದಂಡೆ ಇಳಿದಳು. ಕಪ್ಪು ನೀರು ಬುಳುಬುಳು ಇಳಿಯುತ್ತಿದ್ದ ಗಟಾರದ ಬಾಯಿಯ ಮುಂದೆ ಅದನ್ನಿಟ್ಟು ಕೈ ಮುಗಿದಳು.

"ಬಾಗಿನ ಇದಕ್ಕಾ ಕೊಡಬೇಕ್ರಿ ಉಪಾಧ್ಯಕ್ಷರ. ವರ್ಷಾನಗಟ್ಲೆ ಈ ಕೆರಿ ತುಂಬಸಾಕತ್ತಿದ್ದು ಇದಾ ಅಲ್ಲೇನು?"

ಹೆಂಗಸರು ಕಿಸಕ್ಕನೆ ನಕ್ಕರು. ರಾಜೇಶ್ವರಿ ನಗಲಿಲ್ಲ.

"ನಾಳೆ ನಿಮ್ಮ ಕಾರ್ಯಾಲಯದಾಗ ಲಗ್ನ ಐತಿ. ಸಂಜೀ ಒಳಗ ಈ ಬಾಯಿ ಮುಚ್ಚರಿ. ನಿಮ್ಮ ಹೊಲಸು ನಿಮ್ಮ ಜಾಗಾದಾಗ ಗುಂಡಿ ತೋಡಿ ಇಟ್ಕೋರಿ. ಇಲ್ಲಂದ್ರ ಬೀಗರು ಗಾಡಿ ಇಳಿಯೂ ಹೊತ್ತಿಗೆ ನಾವಿಷ್ಟೂ ಮಂದಿ ಖಾಲಿ ಕೊಡಾ ಹಿಡಕೊಂಡು ನಿಮ್ಮ ಬಾಗಲದಾಗ ನಿಂತಿರ್ತೇವಿ."

ಅಮೋಘಸಿದ್ಧ ನಗಲು ನೋಡಿದ. ರುಕ್ಮವ್ವ ಖಾಲಿ ಕೊಡವನ್ನು ಸೊಂಟಕ್ಕೇರಿಸಿ ಅವನಿಗೆ ಎದುರಾಗಿ ಬಂದು ನಿಂತಳು. ಅವನು ಗಡಬಡಿಸಿ ಪಕ್ಕಕ್ಕೆ ಸರಿದು ಜೆಸಿಬಿ ಓಡಿಸುವ ಮಂಜೂರನಿಗೆ ಫೋನು ಹಚ್ಚಿದ.

"ಏ ಮಂಜೂರ, ಜೆಸಿಬಿ ತಗೊಂಡು ಕೆರಿ ಕಡೆ ಬಾ. ಈಗಿಂದೀಗ ಬಾ!"