ಹಾಲು-ತುಪ್ಪ ಬಿಟ್ಟ ಹೆಸರು

ಇದನ್ನು ಮೊದಲು ಹೇಳಿದವಳು ಹದಡಿಯ ಉಮಾಮಹೇಶ್ವರಿ; ಹೋದ ವರ್ಷ ಯುಗಾದಿಗೆ ಎಂಟು ದಿನವಿರುವಾಗ, ದಾವಣಗೆರೆಯ ಸರಸ್ವತಿ ನಗರದ ತಂಗಿಯ ಮನೆಯ ಮಾಳಿಗೆಯ ಮೇಲೆ ಶಾವಿಗೆ ಒಣಹಾಕುತ್ತಿದ್ದ ಹೆಂಗಸರಿಗೆ.

ಹರಿಹರದ ಹುಡುಗಿ ಭವ್ಯಾ ಧಾರಾವಾಹಿಯೊಂದರ ನಾಯಕಿ. ನೋಡುವವರು ಕಡಿಮೆಯಾದಾಗ ಪ್ರಚಾರ ನೋಡಿಕೊಳ್ಳುವ ಅಂಜನಕುಮಾರ ಉಪಾಯ ಹೂಡಿದ: ಊರೂರ ವೃತ್ತಗಳಲ್ಲಿ ಫ್ಲೆಕ್ಸ್, ಅದರಲ್ಲಿ ಅವಳ ಫೋಟೊಗೆ ಹಾರ, ಕೆಳಗೆ ‘ಭಾವಪೂರ್ಣ ಶ್ರದ್ಧಾಂಜಲಿ’.

“ಪಾತ್ರದ ಹೆಸರು ಹಾಕ್ತೀರಲ್ರಿ?” ಎಂದಳು ಭವ್ಯಾ.

“ಪಾತ್ರ ಸತ್ರೆ ಯಾರು ಅಳ್ತಾರ್ರಿ ಮೇಡಂ? ನಿಮ್ಮ ಹೆಸರೇ ಇರ್ಲಿ. ಮೂರು ದಿನ ಫೋನ್ ಆಫ್ ಮಾಡಿ ಕೂತ್ಕೊಳ್ರಿ. ನಾಲ್ಕನೇ ದಿನ ದಾವಣಗೆರೆ ವೇದಿಕೆ ಮೇಲೆ ಎದ್ದು ಬರ್ರಿ. ಜನ ಹುಚ್ಚೆದ್ದು ಹೋಗ್ತಾರೆ!”

ನಾಯಕಿಯ ಪಟ್ಟ ತಪ್ಪೀತೆಂಬ ಅಳುಕಿಗೆ ಅವಳು ಒಪ್ಪಿದಳು. ಸಾಕಿದ ಅಜ್ಜಿ ತಿಮ್ಮವ್ವನಿಗಾದರೂ ತಿಳಿಸಬೇಕಿತ್ತು. ಓದು ಬಾರದವಳಿಗೆ ಫ್ಲೆಕ್ಸ್ ಏನು ತಿಳಿದೀತು ಎಂದು ಸುಮ್ಮನಾದಳು. ಹಾರ ಹಾಕಿದ ಮುಖವನ್ನು ಓದಲು ಅಕ್ಷರ ಬೇಕಿಲ್ಲ.

ಮೂರನೆಯ ದಿನ ತಿಮ್ಮವ್ವ ತುಂಗಭದ್ರೆಯ ದಂಡೆಯಲ್ಲಿ ಮೊಮ್ಮಗಳ ಹಳೆಯ ಲಂಗ ಹಾಸಿ, ಅನ್ನದ ಎಡೆಯಿಟ್ಟು, ಸತ್ತವರಿಗೆ ಬಿಡುವಂತೆ ಹೆಸರು ಹಿಡಿದು ಹಾಲು-ತುಪ್ಪ ಬಿಟ್ಟಳು. ಬದುಕಿದ್ದವರ ಎಡೆಯನ್ನು ಕಾಗೆ ಮುಟ್ಟದು ಎನ್ನುತ್ತಾರೆ. ಅಂದು ಕೈಮುಗಿಯುವ ಮೊದಲೇ ಬಂದು ಮುಟ್ಟಿತು.

ನಾಲ್ಕನೆಯ ದಿನ ವೇದಿಕೆಯಿಂದಿಳಿದ ಭವ್ಯಾ ನೇರ ಹರಿಹರಕ್ಕೆ ಬಂದಳು. ಬೆನ್ನಿಗೆ ಅಭಿಮಾನಿಗಳ ಬೈಕುಗಳು, ಅಂಜನಕುಮಾರನ ಕಾರು. ಅಜ್ಜಿ ಹೊಸ್ತಿಲಿಗೆ ಅಡ್ಡ ನಿಂತಳು.

“ಅಲ್ಲೇ ನಿಲ್ಲವ್ವ. ಆ ಹೆಸರಿನಾಕಿ ಹೋದ್ಲು.”

“ಅಜ್ಜಿ, ಅದು ಟಿ.ವಿ.ಯವರ ಆಟ!”

“ಆಟ ನಿಮ್ದು. ನಾನಿಟ್ಟ ಅನ್ನ ಉಂಡಾಕಿ ಯಾರು ಮತ್ತೆ?”

ಇದಕ್ಕೊಂದು ಕಟ್ಟಳೆಯಿದೆ: ಬದುಕಿದ್ದಾಗಲೇ ಹಾಲು-ತುಪ್ಪ ಆದವರು ಹಿತ್ತಿಲಿಂದ ಒಳಬಂದು, ತೊಟ್ಟಿಲೇರಿ, ಹೊಸ ಹೆಸರು ಪಡೆಯಬೇಕು, ಹಳೆಯದಕ್ಕೆ ಮತ್ತೆಂದೂ ಓಗೊಡಬಾರದು. ಊರಿಗೆಲ್ಲ ಗೊತ್ತಿರುವ ಹೆಸರು. ಅದನ್ನು ಬಿಟ್ಟರೆ ತನಗೆ ಉಳಿಯುವುದೇನು? ಆದರೂ ಸಾಕಿದ ಅಜ್ಜಿಯನ್ನು ಬಿಡಲಾರದೆ ಭವ್ಯಾ ಹಿತ್ತಿಲಿಗೆ ನಡೆದಳು.

ನೆರೆಯ ಮುಮ್ತಾಜ್ ಮೊಮ್ಮಗನ ತೊಟ್ಟಿಲು ತಂದುಕೊಟ್ಟಳು. “ಮುರಿದು ಗಿರಿದು ಹಾಕೀಯ, ಒಂದೇ ಕಾಲಿಡವ್ವ.”

ಅಜ್ಜಿ ಕಿವಿಯಲ್ಲಿ ಹೊಸ ಹೆಸರು ಉಸುರಿದಳು. ಅದೇನೆಂದು ಉಮಾಮಹೇಶ್ವರಿ ಹೇಳಲಿಲ್ಲ.

ಆಗ ಬೀದಿಯಲ್ಲಿ ಅಭಿಮಾನಿಗಳು ಕೂಗಿದರು: “ಭವ್ಯಾ! ಭವ್ಯಾ!” ರೂಢಿಯಿಂದ ಅವಳ ತುಟಿ ತೆರೆಯಿತು. ಅಜ್ಜಿ ಅಂಗೈಯಿಂದ ಬಾಯಿ ಮುಚ್ಚಿದಳು.

ಹೊಳೆಯ ಕಡೆಯಿಂದ, ಅವಳದೇ ದನಿಯಲ್ಲಿ, ಉತ್ತರ ಬಂತು: “ಓ, ಬಂದೆ!”

ಜನ ಕೇಕೆ ಹಾಕುತ್ತ ಅತ್ತ ಓಡಿದರು. ಅಂಜನಕುಮಾರನ ಕಾರೂ ಅತ್ತಲೇ ತಿರುಗಿತು. ಯಾರೂ ಈ ಬಾಗಿಲಿಗೆ ಮರಳಲಿಲ್ಲ.

ಧಾರಾವಾಹಿ ಈಗಲೂ ದಿನಾ ಬರುತ್ತದೆ. ನಾಯಕಿ ಭವ್ಯಾಳೇ. ಹರಿಹರದಲ್ಲಿ, ಅಜ್ಜಿಯ ಮಗ್ಗುಲಲ್ಲಿ ಕೂತು, ಹೊಸ ಹೆಸರಿನ ಹುಡುಗಿ ಅದನ್ನು ನೋಡುತ್ತಾಳೆ.

ಇಷ್ಟು ಕೇಳಿದ ಹೆಂಗಸರು ಒಣಗಿದ ಶಾವಿಗೆಯನ್ನು ಮೊರಕ್ಕೆ ತುಂಬಿಕೊಂಡು ಎದ್ದರು. ಕೆಳಗಿನಿಂದ ಯಾರೋ “ರೇವತೀ” ಎಂದು ಕರೆದರು. ಕತೆ ಕೇಳಿದವರಲ್ಲೊಬ್ಬಳಾದ ರೇವತಿ, ತನ್ನ ಹೆಸರಿಗೆ ಬೇರಾರಾದರೂ ಓಗೊಟ್ಟಾರೇನೋ ಎಂದು, ಮೂರನೆಯ ಕರೆಯವರೆಗೆ ಓಗೊಡಲಿಲ್ಲ. ಆಮೇಲೆ ಮೆಟ್ಟಿಲಿಳಿದು ಎಲ್ಲರೊಡನೆ ಮನೆಗೆ ನಡೆದಳು.