ಮಾವನ ಊರುಗೋಲು ಸಿಂಗಸಂದ್ರದಲ್ಲಿ

ಪೀಣ್ಯದ ಕಾರ್ಖಾನೆಗಳ ಸೈರನ್ ಕೇಳಿಸುವಷ್ಟು ಹತ್ತಿರದಲ್ಲಿ ಒಂದು ಹಳ್ಳಿ. ಅಲ್ಲಿ ಹನುಮಂತರಾಯಪ್ಪ ಎಂಬ ಹಿರಿಯರು ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಸ್ವಂತ ಹೊಲದ ಮೂಲೆಯಲ್ಲೇ ಅವರನ್ನು ಮಣ್ಣು ಮಾಡಿದ್ದರು. ಪ್ರತಿ ವರ್ಷ ಹಿರಿಯರ ಹಬ್ಬಕ್ಕೆ ಎಡೆಯನ್ನೂ ಇಡುತ್ತಿದ್ದರು. ಆದರೂ ಸರ್ಕಾರದ ಲೆಕ್ಕದಲ್ಲಿ ಮಾತ್ರ ಹನುಮಂತರಾಯಪ್ಪ ಗಟ್ಟಿಮುಟ್ಟಾಗಿ ಬದುಕಿದ್ದರು.

ಇದು ಗೊತ್ತಾದದ್ದು ೧೯೮೩ರಲ್ಲಿ. ಅವರ ಹೊಲದ ಬಹುಪಾಲು ಹೊಸದೊಂದು ಕಾರ್ಖಾನೆಗೆ ಹೋಗಿತ್ತು. ಭೂಮಿ ಬಿಟ್ಟುಕೊಟ್ಟ ಮನೆಗೆ ಒಂದು ಕೆಲಸ ಎಂದು ಕಾರ್ಖಾನೆಯವರು ಹೇಳಿದ್ದರು. ಮಗ ಆಂಜಿನಪ್ಪ ತನ್ನ ಮಗಳು ಭಾಗ್ಯಳ ಹೆಸರು ಬರೆಸಲು ಹೋದ. ಮಧ್ಯಾಹ್ನ ಮನೆಗೆ ಬಂದವನೇ ಹೆಗಲ ಟವೆಲ್ ತೆಗೆದು ಗೂಟಕ್ಕೆ ಹಾಕಿದ.

"ಪಹಣೀಲಿ ಇನ್ನೂ ನಮ್ಮಪ್ಪನ ಎಸರೇ ಐತಂತೆ. ನಮ್ಮಪ್ಪ ಬಂದು ರುಜು ಆಕ್ಬೇಕಂತೆ. ಓಗಿ ಎಬ್ಬಿಸ್ಕಂಡ್ ಬಾ," ಎಂದ ಹೆಂಡತಿಗೆ.

ಲಕ್ಷ್ಮಮ್ಮ ನಗಲಿಲ್ಲ. "ಬರಕ್ಕಾಗ್ದೆ ಇದ್ರೆ ಏನ್ ಮಾಡ್ಬೇಕಂತೆ?"

"ಮರಣ ಪತ್ರ ತರ್ಬೇಕಂತೆ. ಆಮೇಲೆ ಪೌತಿ ಖಾತೆ ಮಾಡಿ ನನ್ನ ಎಸ್ರಿಗೆ ಬರೀತಾರಂತೆ. ಅದೂ ಯುಗಾದಿ ಒಳ್ಗೆ."

ಭಾಗ್ಯ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಳು. ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿ. ಕೆಟ್ಟುಹೋದ ರೇಡಿಯೋ ಬಿಚ್ಚಿ ಮತ್ತೆ ಹಾಡಿಸುತ್ತಿದ್ದಳು. ಅವಳಿಗೆ ಆ ಕೆಲಸ ಬೇಕಿತ್ತು. ಹೊಲ ಹೋದ ಮೇಲೆ ಮನೆಗೂ ಅದೇ ದಿಕ್ಕಾಗಿತ್ತು.

ಅವರ ಮುಂದಿನ ಮನೆಯಲ್ಲಿ ಸೀತಾಲಕ್ಷ್ಮಿ ಬಾಡಿಗೆಗಿದ್ದರು. ಗಂಡನಿಗೆ ಜಾಲಹಳ್ಳಿಯಲ್ಲಿ ಕೆಲಸ. ಈಕೆ ಮಹಿಳಾ ಸಮಾಜದಲ್ಲಿ ಓಡಾಡುವವರು. ಸಂಜೆ ಲಕ್ಷ್ಮಮ್ಮ ಅವರ ಜಗಲಿಯ ಮೇಲೆ ಕೂತು ವಿಷಯ ಹೇಳಿದಳು.

"ಸಾವಾದಾಗ ಶಾನುಭೋಗರಿಗೆ ಹೇಳಿ ಬರೆಸಿದ್ರಾ?" ಎಂದು ಸೀತಾಲಕ್ಷ್ಮಿ ಕೇಳಿದರು. ಶಾನುಭೋಗಿಕೆ ಹೋಗಿ ಎಷ್ಟೋ ಕಾಲವಾಗಿತ್ತು. ಆದರೂ ಗ್ರಾಮ ಲೆಕ್ಕಿಗರನ್ನು ಊರು ಇನ್ನೂ ಹಾಗೆಯೇ ಕರೆಯುತ್ತಿತ್ತು.

ಅಲ್ಲೇ ಎಮ್ಮೆ ಕಟ್ಟುತ್ತಿದ್ದ ಆಂಜಿನಪ್ಪ ತಲೆಯೆತ್ತಿದ. "ಬರ್ಸೋದೇನ್ ಬಂತು ತಾಯೀ? ಊರಿಗೆ ಊರೇ ಬಂದು ಮಣ್ಣು ಆಕೈತೆ. ಅದಕ್ಕಿಂತ ಸಾಕ್ಷಿ ಬೇಕಾ?"

"ಊರಿಗೆ ಅಷ್ಟು ಸಾಕು ಆಂಜಿನಪ್ಪನೋರೆ. ಕಚೇರಿಯೋರು ಮಣ್ಣಿಗೆ ಬಂದಿರಲಿಲ್ಲವಲ್ಲ," ಎಂದರು ಸೀತಾಲಕ್ಷ್ಮಿ. ಆಮೇಲೆ ಲಕ್ಷ್ಮಮ್ಮನ ಕಡೆ ತಿರುಗಿದರು. "ತಿಥಿ ಕಾರ್ಡಾದ್ರೂ ಇದ್ಯಾ? ತಾರೀಖು ಗೊತ್ತಾದ್ರೆ ಪುಸ್ತಕದಲ್ಲಿ ಹುಡುಕೋದು ಸುಲಭ."

"ಸಾವಿನ ಕಾಗದ ಯಾರು ಮನೇಲಿ ಮಡಗ್ತಾರೆ ಸೀತಮ್ಮನೋರೆ? ಮಿಕ್ಕಿದ್ದನ್ನೆಲ್ಲ ಅರಿದು ಬೇಲಿಗೆ ಎಸೆದ್ವಿ."

"ನಮ್ಮಲ್ಲೂ ಹಾಗೇ. ನಮ್ಮಮ್ಮನ ಕಾರ್ಡು ಹರಿದುಹಾಕಿ, ಆಮೇಲೆ ತಾರೀಖು ಸಿಗದೆ ಒದ್ದಾಡಿದೀನಿ. ಬನ್ನಿ, ನಾಳೆ ಕೇಳೋಣ."

ಮರುದಿನ ಮೂವರೂ ಶಾನುಭೋಗರ ಬಳಿ ಹೋದರು. ಅವರು ಒಳ್ಳೆಯವರು. ಆ ವರ್ಷದ ಮರಣದ ಪುಸ್ತಕ ತೆಗೆದು ಹಿಂದಿನ ಮುಂದಿನ ಹಾಳೆಗಳನ್ನೂ ನೋಡಿದರು. ಹನುಮಂತರಾಯಪ್ಪನ ಹೆಸರೇ ಇಲ್ಲ.

"ಇಲ್ಲ ಅಂದ್ಮೇಲೆ ಬಿಟ್ಟಾಕು," ಎಂದ ಆಂಜಿನಪ್ಪ. ಮಗಳ ಕೆಲಸ ಕೈತಪ್ಪುತ್ತಿದೆ, ಇವನ ಮುಖದಲ್ಲಿ ಚಿಂತೆಗಿಂತ ನಿರಾಳವೇ ಹೆಚ್ಚು. ಲಕ್ಷ್ಮಮ್ಮನ ತಲೆಯೊಳಗೆ ಹುಳ ಹೊಕ್ಕಿತು.

ವಾಪಸು ಬರುವ ದಾರಿಯಲ್ಲಿ ಗಂಡ ಮುಂದೆ ನಡೆದ ಮೇಲೆ ಅವಳು ಕೇಳಿದಳು. "ಸೀತಮ್ಮನೋರೆ, ಬ್ಯಾರೆ ಪುಸ್ತಕದಲ್ಲಿ ಇರ್ಬೋದಾ?"

"ಇರಬಹುದು. ಎಲ್ಲಿ ಮಣ್ಣು ಮಾಡಿದ್ರು ಅಂತ ನೋಡಲ್ಲ ಲಕ್ಷ್ಮಮ್ಮ. ಎಲ್ಲಿ ಪ್ರಾಣ ಹೋಯ್ತೋ ಆ ಊರಿನ ಪುಸ್ತಕದಲ್ಲಿ ಬರೀತಾರೆ. ನಿಮ್ಮ ಮಾವ ಇಲ್ಲೇ ತೀರಿಕೊಂಡಿದ್ದು ತಾನೇ?"

ಹೌದು ಎನ್ನಲು ಬಾಯಿ ತೆರೆದ ಲಕ್ಷ್ಮಮ್ಮ ಸುಮ್ಮನಾದಳು. ಆಗ ಅವಳು ಊರಲ್ಲಿರಲಿಲ್ಲ. ಎರಡನೆಯ ಮಗುವಿನ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಮಾವ ಮನೆಯಲ್ಲೇ ಕಣ್ಣು ಮುಚ್ಚಿದರೆಂದು ಹೇಳಿದ್ದರು, ನಂಬಿದ್ದಳು.

ಈಗ ಅವಳ ಕಣ್ಣ ಮುಂದೆ ಒಂದು ಊರುಗೋಲು ಬಂದು ನಿಂತಿತು. ಸಿಂಗಸಂದ್ರದಲ್ಲಿ ಆಂಜಿನಪ್ಪನ ಅಕ್ಕ ಚಿಕ್ಕಮುನಿಯಮ್ಮನ ಮನೆ. ಅಲ್ಲಿ ಬಾಗಿಲ ಹಿಂದೆ ಮಾವನ ಊರುಗೋಲು ಒರಗಿರುತ್ತದೆ. ಹಬ್ಬಕ್ಕೆ ಹೋದಾಗಲೆಲ್ಲ ನೋಡಿದ್ದಾಳೆ. ಮರೆತು ಬಿಟ್ಟು ಬಂದಿರಬೇಕು ಅಂದುಕೊಂಡಿದ್ದಳು. ಆದರೆ ಆ ಕೋಲಿಲ್ಲದೆ ಮಾವ ಹೊಸಿಲನ್ನೂ ದಾಟುತ್ತಿರಲಿಲ್ಲ. ಕೋಲು ಅಲ್ಲೇ ಇದ್ದರೆ ಮನುಷ್ಯ ಇಲ್ಲಿಗೆ ಹೇಗೆ ಬಂದರು?

ಊಟಕ್ಕೆ ಕೂತಾಗ ಗಂಡನ ತಟ್ಟೆಗೆ ಮುದ್ದೆ ಇಟ್ಟು ಕೋಲಿನ ವಿಷಯ ಕೇಳಿಯೇಬಿಟ್ಟಳು. ಆಂಜಿನಪ್ಪನ ಕೈ ಸಾರಿನಲ್ಲೇ ನಿಂತಿತು. ಅವನು ಮಗಳ ಮುಖ ನೋಡಿದ, ತಟ್ಟೆ ನೋಡಿದ.

"ಅಪ್ಪ ತೀರ್ಕಂಡಿದ್ದು ಅಕ್ಕನ ಮನೇಲಿ," ಎಂದ. "ಮಗ ಇದ್ದೂ ಮಗಳ ಮನೇಲಿ ಪ್ರಾಣ ಬಿಟ್ಟ ಅಂತ ಊರೋರು ಆಡ್ಕಂಬಾರ್ದು ಅಂತ, ಬಾಡಿಗೆ ಕಾರಲ್ಲಿ ಒರಗಿಸ್ಕಂಡು ಕರ್ಕಂಬಂದೆ. ಊರ ಮುಂದೆ ಯಾರೋ ಮಾತಾಡ್ಸಿದ್ರು. ಜ್ವರ ಅಂದೆ. ಒಳಗೆ ಮಲಗ್ಸಿದ್ಮೇಲೇ ನಾನು ಅತ್ತಿದ್ದು."

ಒಂಬತ್ತು ವರ್ಷ ತನಗೂ ಹೇಳಲಿಲ್ಲವಲ್ಲ ಎಂದು ಲಕ್ಷ್ಮಮ್ಮನಿಗೆ ಕೋಪ ಬಂತು. ಸತ್ತ ತಂದೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಳು ನುಂಗಿದ ಮಗನನ್ನು ನೆನೆದು ಮರುಕವೂ ಆಯಿತು.

"ನಾಳೆ ಸಿಂಗಸಂದ್ರಕ್ಕೆ ಓಗೋಣ," ಎಂದಳು.

"ನಾನ್ ಯಾವ ಮುಖ ಒತ್ಕಂಡು ಬರ್ಲಿ?"

ಭಾಗ್ಯ ಮೆಲ್ಲಗೆ ಹೇಳಿದಳು. "ತಾತ ಅತ್ತೆ ಮನೇಲಿ ತೀರ್ಕಂಡ್ರೆ ತಪ್ಪೇನಪ್ಪಾ? ಅತ್ತೆನೂ ತಾತನ ಮಗಳೇ ಅಲ್ವಾ?"

ಮಾರ್ಕೆಟ್ಟಿನಲ್ಲಿ ಬಸ್ಸು ಬದಲಾಯಿಸಿ, ಹೊಸೂರು ರಸ್ತೆ ಹಿಡಿದು, ಗಂಡ ಹೆಂಡತಿ ಸಿಂಗಸಂದ್ರ ತಲುಪಿದರು. ಚಿಕ್ಕಮುನಿಯಮ್ಮ ತಮ್ಮನಿಗೆ ನೀರು ಕೊಟ್ಟು ಎಲ್ಲ ಕೇಳಿಸಿಕೊಂಡಳು. ಅವಳ ಗಂಡ ರಾಮಾಂಜಿನಪ್ಪ ಎಲೆ ಅಡಿಕೆ ಪಕ್ಕಕ್ಕಿಟ್ಟ.

"ಅವತ್ತೇ ಶಾನುಭೋಗರ ತಾವ ಓಗಿ ಬರ್ಸಿದ್ದೆ ಕಣಪ್ಪ. ನಮ್ಮನೇಲಾದ ಸಾವು, ನಾವೇ ಯೋಳ್ಬೇಕಲ್ವಾ. ನಿನ್ ಮನಸ್ಸಿಗೆ ಬ್ಯಾಸರ ಆಯ್ತದೆ ಅಂತ ನಿಂಗೆ ಯೋಳ್ಲಿಲ್ಲ. ನೀನೂ ಕೇಳ್ಲಿಲ್ಲ."

ಅಲ್ಲಿನ ಗ್ರಾಮ ಲೆಕ್ಕಿಗರು ಬೀರುವಿನಿಂದ ಹಳೆಯ ಪುಸ್ತಕ ತೆಗೆದು ಧೂಳು ಕೊಡವಿದರು. ಹನುಮಂತರಾಯಪ್ಪನ ಹೆಸರಿತ್ತು. ಊರು, ತಾರೀಖು, ಕಾರಣ ಎಲ್ಲ ಇತ್ತು. ತಿಳಿಸಿದವರು ಅಳಿಯ ರಾಮಾಂಜಿನಪ್ಪ ಎಂದಿತ್ತು. ಆಂಜಿನಪ್ಪ ಅಪ್ಪನ ಹೆಸರಿನ ಮೇಲೆ ಬೆರಳಿಟ್ಟ. ಸ್ವಲ್ಪ ಹೊತ್ತು ತೆಗೆಯಲೇ ಇಲ್ಲ.

ಅರ್ಜಿ ಕೊಟ್ಟು ಎರಡು ನಕಲು ಪಡೆದರು. ಹೊರಡುವಾಗ ಚಿಕ್ಕಮುನಿಯಮ್ಮ ಊರುಗೋಲನ್ನು ತಮ್ಮನ ಕೈಗಿತ್ತಳು. "ನಿಮ್ಮನೆಗೆ ತಕಂಡೋಗು. ಅಪ್ಪ ಎಲ್ಡೂ ಮನೆಯೋನೇ," ಎಂದಳು.

ಊರಿನ ಅರಳಿಕಟ್ಟೆಯ ಮೇಲೆ ಪಕ್ಕದ ಮನೆಯ ನಲ್ಲಪ್ಪ ಕೂತಿದ್ದ. ಮಾವನ ಮರಣ ಪತ್ರ ಸಿಂಗಸಂದ್ರದಲ್ಲಿ ಸಿಕ್ಕಿತೆಂದು ಲಕ್ಷ್ಮಮ್ಮ ಹೇಳಿದಳು. "ಇಲ್ಲಿ ಸತ್ತೋರ ಕಾಗದ ಸಿಂಗಸಂದ್ರದಲ್ಲೆಂಗೆ ಸಿಕ್ತಪ್ಪ?" ಎಂದು ಕೇಳಿದ.

ಆಂಜಿನಪ್ಪ ಕೋಲನ್ನು ನೆಲಕ್ಕೂರಿ ನಿಂತ. "ನಮ್ಮಪ್ಪ ಇಲ್ಲಿ ಸಾಯ್ಲಿಲ್ಲ ನಲ್ಲಪ್ಪ. ನಮ್ಮಕ್ಕನ ಮನೇಲಿ ತೀರ್ಕಂಡ. ನಾನೇ ಸುಳ್ಳು ಯೋಳಿದ್ದೆ."

ನಲ್ಲಪ್ಪ ಆಡಿಕೊಳ್ಳಲಿಲ್ಲ. ಎದ್ದು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ. "ನಮ್ಮವ್ವನೂ ನಮ್ ತಂಗಿ ಮನೇಲೇ ಓಗಿದ್ದು ಕಣೋ. ನಾನೂ ಯಾರಿಗೂ ಯೋಳಿಲ್ಲ. ಆ ಕಾಗದ ಎಲ್ಲಿ ಸಿಗ್ತದೆ?"

ಯುಗಾದಿಗೆ ಮೊದಲೇ ಪೌತಿ ಖಾತೆಯಾಯಿತು. ಭಾಗ್ಯಳ ಅರ್ಜಿಯೂ ಒಳಗೆ ಹೋಯಿತು. ಮರಣ ಪತ್ರದ ಇನ್ನೊಂದು ಪ್ರತಿಯನ್ನು ಲಕ್ಷ್ಮಮ್ಮ ಬೇಲಿಗೆ ಎಸೆಯಲಿಲ್ಲ. ತನ್ನ ಧಾರೆ ಸೀರೆಯ ಮಡಿಕೆಯಲ್ಲಿಟ್ಟು ಟ್ರಂಕು ಮುಚ್ಚಿದಳು.

ಈ ಕಥೆ ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಮನೆಯಲ್ಲಿ ಸಾವಾದರೆ ದುಃಖದ ನಡುವೆಯೂ ಒಬ್ಬರು ಎದ್ದು ಹೋಗಿ ತಡಮಾಡದೆ ಬರೆಸಿ. ಜೀವ ಹೋದ ಊರಿನಲ್ಲೇ ಬರೆಸಿ, ಮಣ್ಣು ಎಲ್ಲೇ ಆಗಲಿ. ಹಳೆಯ ಸಾವಿನ ದಾಖಲೆ ಸಿಗದಿದ್ದರೆ ಅವರು ಕೊನೆಗೆ ಯಾರ ಮನೆಯಲ್ಲಿದ್ದರು ಎಂದು ವಿಚಾರಿಸಿ, ಅಲ್ಲಿ ಹುಡುಕಿ. ಸಿಕ್ಕ ಪತ್ರವನ್ನು ಜೋಪಾನವಾಗಿಡಿ. ನಿಮ್ಮ ಅಪ್ಪ ಅಮ್ಮ ಮಗಳ ಮನೆಯಲ್ಲಿ ಕಣ್ಣು ಮುಚ್ಚಿದರೆ ಅದನ್ನು ಮುಚ್ಚಿಡಬೇಡಿ. ಅವರು ಮಕ್ಕಳ ಮನೆಯಲ್ಲೇ ತೀರಿಕೊಂಡಿದ್ದಾರೆ.