ರಾಡನ್ ಮೇಲೊಂದು ಜಾಗ

"ಬಾಗಿಲಲ್ಲಿ ಹಿಡಿಸಲ್ಲ, ಕಿಟಕೀಲಿ ಇಳಿಸ್ರಪ್ಪಾ!" ಎಂದು ಏಡಾ ಕೂಗಿದಳು. ಅವಳ ಅಣ್ಣ ಏಮಸ್‌ನ ಶವಪೆಟ್ಟಿಗೆ ಚೌಕಟ್ಟಿಗೆ ಸಿಕ್ಕಿಕೊಂಡಿತ್ತು. ಫೆನ್ ಸೀಮೆಯ ಜೌಗು ನೆಲದ ಮನೆ. ವರ್ಷ ವರ್ಷವೂ ಒಂದು ಮಗ್ಗುಲಿಗೆ ಕುಸಿದು ಬಾಗಿಲೇ ಸೊಟ್ಟಗಾಗಿತ್ತು. ನಾಲ್ವರು ಗಂಡಸರು ಅವನನ್ನು ಕಿಟಕಿಯಿಂದ ಇಳಿಸಿಕೊಂಡರು.

"ಬದುಕಿದ್ದಾಗ್ಲೂ ಈ ಬಾಗಿಲಿಗೆ ಹಣೆ ಚಚ್ಚಿಕೊಳ್ತಿದ್ದ," ಎಂದು ಏಡಾ ಕಣ್ಣೊರೆಸಿಕೊಂಡಳು. ಆಮೇಲೆ ಅಣ್ಣನ ಹೆಂಡತಿಯ ಕಡೆ ತಿರುಗಿದಳು. "ಈಗ್ಲಾದ್ರೂ ಹಟ ಬಿಡು ಹೆಪ್ಸಿ. ಅಪ್ಪ ಅಮ್ಮನ ಪಕ್ಕ ಮಲಗಿಸೋಣ. ನೀನು ಬೆರಳು ಮಾಡಿದ ಕಡೆ ನೆಲದಡಿ ರಾಡನ್ ಇದೆ ಅಂತ ಯಾರು ಕಂಡೋರು?"

"ಏಮಸ್ ಕಂಡಿದ್ದ," ಎಂದಳು ಹೆಪ್ಸಿ. ಮಾತೇನೋ ಗಟ್ಟಿಯಾಗಿತ್ತು. ಆದರೆ ಹುಲ್ಲು ಮುಚ್ಚಿದ ಚರ್ಚಿನ ಅಂಗಳದಲ್ಲಿ ಗೋರಿ ತೋಡುವವನಿಗೆ ಬರೀ ನೆನಪಿನ ಮೇಲೆ ಜಾಗ ತೋರಿಸಿ ಬಂದಿದ್ದಳು. ತಪ್ಪಿದ್ದರೆ?

*

ಮದುವೆಯಾದ ವಸಂತದಲ್ಲಿ ಏಮಸ್ ಅವಳನ್ನು ಉತ್ತ ಹೊಲಕ್ಕೆ ಕರೆದೊಯ್ದಿದ್ದ. ಕಾಡಿಗೆಯಂಥ ಕಪ್ಪು ನೆಲದ ನಡುವೆ ಬೆಳ್ಳನೆಯ ದಿಬ್ಬವೊಂದು ಬಳುಕಿಕೊಂಡು ಚರ್ಚಿನತ್ತ ಹೋಗಿ, ಅದರ ಅಂಗಳದ ಹುಲ್ಲಿನಡಿ ಮರೆಯಾಗಿತ್ತು.

"ಇದೇ ರಾಡನ್. ಹಿಂದೆ ಇಲ್ಲಿ ನದಿ ಇತ್ತು. ನದಿ ಸತ್ತು ಹೂಳು ಉಳೀತು. ನಮ್ಮ ಹಿರೀಕರು ಕಾಲುವೆ ತೋಡಿ ನೀರು ಬಸಿದ್ರಲ್ಲ, ಸುತ್ತಲ ನೆಲ ಒಣಗಿ ಕುಗ್ಗಿತು. ಹೂಳು ಕುಗ್ಗಲಿಲ್ಲ. ನದಿ ಮೇಲಾಯ್ತು, ದಡ ಕೆಳಗಾಯ್ತು."

"ಆ ಹೆಸರೆಲ್ಲಿಂದ ಬಂತು?"

"ಮೇಷ್ಟ್ರು ಹಳೇ ಪುಸ್ತಕ ಎಲ್ಲಾ ತಡಕಾಡಿದ್ರು. ಒಬ್ರು ಒಂದಂದ್ರೆ ಇನ್ನೊಬ್ರು ಇನ್ನೊಂದು ಅಂತಾರಂತೆ. ಹೆಸರಿಟ್ಟೋನು ಇದರ ಮೇಲೇ ಬೆಚ್ಚಗೆ ಮಲಗಿರ್ಬೇಕು. ಎಬ್ಬಿಸಿ ಕೇಳೋಣ್ವಾ?"

ಅಲ್ಲೊಂದು ನೆಟ್ಟಗಿನ ಮನೆ ಕಟ್ಟುವ ಆಸೆ ಅವನನ್ನು ಕೊನೆತನಕ ಬಿಡಲಿಲ್ಲ. ಅಲೆದಲೆದು ಕಾಲು ಸವೆದವೇ ಹೊರತು, ದಿಬ್ಬದ ಒಡೆಯರು ಒಂದಡಿಯನ್ನೂ ಕೊಡಲಿಲ್ಲ.

ಏಳು ವರ್ಷದ ಮೇಲೆ ಅವನ ತಾಯಿ ತೀರಿಕೊಂಡಳು. ಚರ್ಚಿನ ತಗ್ಗಿನಲ್ಲಿ ತೋಡಿದ ಗುಂಡಿಯಲ್ಲಿ ನೀರು ತುಂಬಿ, ಪೆಟ್ಟಿಗೆ ತೇಲಿತು. ಸಾಕಷ್ಟು ಮಣ್ಣು ಬೀಳುವವರೆಗೆ ಏಮಸ್ ಸನಿಕೆಯ ಹಿಡಿಯಿಂದ ಹೆತ್ತ ತಾಯಿಯನ್ನು ಕೆಳಕ್ಕೆ ಒತ್ತಿ ಹಿಡಿದಿದ್ದ. ಮನೆಗೆ ಬಂದವನು ಕೈ ತೊಳೆಯುತ್ತಲೇ ಇದ್ದ.

"ನನ್ನನ್ನ ರಾಡನ್ ಮೇಲಿಡು ಹೆಪ್ಸಿ," ಎಂದ. "ಮನೆಯಂತೂ ಆಗಲಿಲ್ಲ."

ಅವಳು ಹೂಂ ಎಂದಿದ್ದಳು. ಅವನು ಜೀವಮಾನದಲ್ಲಿ ಅವಳಿಂದ ಕೇಳಿದ್ದು ಅದೊಂದೇ.

*

ಚರ್ಚಿನ ಬೇಲಿಯ ಬಳಿ ಗಾಡಿ ನಿಂತಿತು. ಗೋರಿ ತೋಡುವ ರೂಬೆನ್ ಇನ್ನೂ ಗುಂಡಿಯೊಳಗೇ ಇದ್ದ, ಟೋಪಿಯೂ ಕಾಣುತ್ತಿರಲಿಲ್ಲ. ಹೆಪ್ಸಿ ನಾಲ್ಕು ಹೆಜ್ಜೆ ಇಟ್ಟು ನಿಂತುಬಿಟ್ಟಳು. ಬಗ್ಗಿ ನೋಡಲು ಧೈರ್ಯ ಸಾಲಲಿಲ್ಲ. ನೀರಿನ ಸಪ್ಪಳ ಕೇಳೀತೇನೋ ಎಂದು ಕಿವಿಗೊಟ್ಟಳು.

"ರೂಬೆನ್, ನೀರು ಬಂತಾ?"

"ಮೊದಲೆರಡಡಿ ಬರೀ ಕರೀ ಮಣ್ಣೇ ಕಣಮ್ಮಾ," ಒಳಗಿನಿಂದ ದನಿ ಬಂತು. "ನಿನ್ನ ಮುದುಕನ್ನ ಬಾಯ್ತುಂಬಾ ಬೈಕೊಂಡೆ."

"ನಾನು ಹೇಳಲಿಲ್ವಾ?" ಎಂದಳು ಏಡಾ, ಮೆಲ್ಲಗೆ.

ರೂಬೆನ್ ಏಣಿ ಹತ್ತಿ ಬಂದ. ಹುಲ್ಲಿನ ಮೇಲೆ ನಿಂತು, ಬೂಟುಗಳನ್ನು ಒಂದಕ್ಕೊಂದು ಬಡಿದ. ಬೆಳ್ಳನೆಯ ಒಣ ಹೂಳಿನ ಧೂಳು ಎದ್ದಿತು. ಗಾಳಿಗೆ ಅದು ಹೆಪ್ಸಿಯ ಕರಿ ಲಂಗದ ತುಂಬ ಹರಡಿತು. ಕೊಡವಲು ಏಡಾ ಕೈಚಾಚಿದಳು. ಹೆಪ್ಸಿ ಆ ಕೈಯನ್ನು ಹಿಡಿದುಕೊಂಡಳು.